ಲೆಂಟಿನಲ್ಲಿ ಅತ್ತೆ ಬಿಟ್ಟದ್ದು

ಮಂಡಿನೋವಿನ ಕಥೆಯನ್ನು ನಾನು ಒಪ್ಪುವುದಿಲ್ಲ. ಪಕ್ಕದ ಮನೆಯ ಟೀಚರ್ ಹತ್ತಿರ ಅತ್ತೆ ಹೋಗದೇ ಇರುವುದಕ್ಕೆ ಮಂಡಿ ಹಿಡಿದುಕೊಂಡದ್ದೇ ಕಾರಣ ಎಂದು ಅಮ್ಮ ಕತ್ರಿಗುಪ್ಪೆಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಚರ್ಚಿನಲ್ಲಿ ಓಡಾಡುತ್ತಿರುವ ಕಥೆ ಬೇರೆ: ಪಾದ್ರಿ ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಕೇಳಿ ಅತ್ತೆಯ ತಲೆ ಕೆಟ್ಟಿತಂತೆ. ಎರಡೂ ನಿಲ್ಲುವುದಿಲ್ಲ. ಮಂಡಿ ನೋಯುವವರು ಬಕೆಟ್ ಹಿಡಿದು ತಾರಸಿ ಹತ್ತುವುದಿಲ್ಲ. ತಲೆ ಕೆಟ್ಟವರು ಅಷ್ಟು ಕ್ರಮವಾಗಿ ಯೋಚಿಸುವುದಿಲ್ಲ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಡಿಬೇಟ್ ಮಾಡಿದ್ದೇ ಹೆಚ್ಚು ನಾನು. ಆದರೂ ನಮ್ಮ ಮನೆಯಲ್ಲಿ ಒಂದು ವಾದವನ್ನು ಅದರ ತುದಿಯವರೆಗೆ ಹಿಂಬಾಲಿಸಿ ಹೋದವರು ಅತ್ತೆ ಒಬ್ಬರೇ.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದಾರೆ. ಟೀಚರ್ ಅತ್ತೆಗಿಂತ ಹಿರಿಯರು, ನಿವೃತ್ತಿಯ ನಂತರ ಒಬ್ಬರೇ ಇರುವವರು. ಅವರಿಗೆ ಗ್ಲಾಕೋಮಾ. ಬೆಳಿಗ್ಗೆ ಸಂಜೆ ಕಣ್ಣಿಗೆ ಡ್ರಾಪ್ಸ್ ಬೀಳಲೇಬೇಕು, ಕೈ ನಡುಗುವುದರಿಂದ ತಾವೇ ಹಾಕಿಕೊಳ್ಳಲಾರರು. ನನಗೆ ಬುದ್ಧಿ ತಿಳಿದಾಗಿನಿಂದ ಅದನ್ನು ಹಾಕುತ್ತಿದ್ದವರು ಅತ್ತೆ. ಹಾಕಿ ಎದ್ದು ಬರುತ್ತಿರಲಿಲ್ಲ. ಟೀಚರ್ ಜಡೆ ಹೆಣೆಯುತ್ತಿದ್ದರು, ಪೇಪರ್ ಓದಿ ಹೇಳುತ್ತಿದ್ದರು. ಅವರಿಬ್ಬರ ಜಗಳ ಕಾಂಪೌಂಡಿನ ಈಚೆಗೂ ಕೇಳುತ್ತಿತ್ತು.

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಶುರುವಾಗುವ ಸ್ವಲ್ಪ ಮೊದಲು ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಈಗಿನವರು ಹೊಸಬರು, ವಯಸ್ಸೂ ಚಿಕ್ಕದು. ಮಾತಿನ ನಡುವೆ ಅವರು ಅತ್ತೆಯನ್ನು ಕೇಳಿದರು:

"ನಿಮಗೆ ರಕ್ಷಣೆಯ ನಿಶ್ಚಯ ಇದೆಯಾ ಅಮ್ಮಾ?"

ಅತ್ತೆ ಹೇಳತೊಡಗಿದರು. ಸಂಡೇ ಸ್ಕೂಲ್, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿಬರುವುದು, ಟೀಚರ್ ಕಣ್ಣು.

"ಅದೆಲ್ಲ ಸರಿ ಅಮ್ಮಾ," ಅಯ್ಯನವರು ಮೆತ್ತಗೆ ಅಂದರು. "ನೀವು ಏನು ಮಾಡ್ತೀರಿ ಅಂತ ನಾನು ಕೇಳ್ಲಿಲ್ಲ. ಯಾರನ್ನ ನಂಬಿದೀರಿ ಅಂತ ಕೇಳ್ದೆ."

ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆಯಾಗಿ ಪರಲೋಕ ಸೇರುವುದು, ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಬರುವುದು; ಒಳ್ಳೆಯ ಕೆಲಸ ಅದಕ್ಕೆ ಕೊಡುವ ಬೆಲೆಯಲ್ಲ, ಅದರಿಂದ ಹುಟ್ಟುವ ಫಲ ಎಂದು ವಿವರಿಸಿದರು. ನಾನು ನಂಬದವಳು, ಆದರೂ ಅವರು ತಪ್ಪೇನೂ ಹೇಳಲಿಲ್ಲ.

"ಆ ಫಲಾನ ನಾನೇ ದಾರ ಕಟ್ಟಿ ಕೊಂಬೆಗೆ ನೇತಾಕಿದ್ರೆ?" ಅತ್ತೆ ಕೇಳಿದರು. "ನೋಡೋರಿಗೆ ವ್ಯತ್ಯಾಸ ಗೊತ್ತಾಗುತ್ತಾ ಅಯ್ಯನವರೇ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ಲೆಂಟ್ ಆರಂಭವಾಗುವ ಬೂದಿ ಬುಧವಾರದ ಹಿಂದಿನ ಸಂಜೆ ನಮ್ಮಲ್ಲಿ ಮಟನ್ ಬಿರಿಯಾನಿ. ತಿನ್ನುತ್ತಾ ಒಬ್ಬೊಬ್ಬರೂ ಈ ಲೆಂಟಿನಲ್ಲಿ ಏನು ಬಿಡುತ್ತೇವೆಂದು ಹೇಳಬೇಕು. ಅಮ್ಮ ಸೀರಿಯಲ್ ಬಿಡುತ್ತಾಳೆ. ಅಪ್ಪ ಕಾಫಿ ಬಿಟ್ಟು, ವಾರ ಕಳೆಯುವುದರೊಳಗೆ ಹೋಟೆಲಿನಲ್ಲಿ ಸಿಕ್ಕಿಬೀಳುತ್ತಾರೆ. ನಾನು ಲೆಂಟನ್ನೇ ಬಿಡ್ತೀನಿ ಎಂಬ ನನ್ನ ಹಳೆಯ ಜೋಕಿಗೆ ಈಗ ಯಾರೂ ತಲೆ ಎತ್ತುವುದೂ ಇಲ್ಲ.

"ನಾನು ಈ ಸಲ ಉಪಕಾರ ಬಿಡ್ತೀನಿ," ಎಂದರು ಅತ್ತೆ.

"ಏನಕ್ಕಾ ಇದು, ತಮಾಷೆನಾ?" ಅಂದಳು ಅಮ್ಮ.

"ಅಲ್ಲ. ಮಟನ್ ಬಿಡೋದು ನಂಗೇನು ಕಷ್ಟ? ಕಷ್ಟ ಆಗೋದು ಇದನ್ನ ಬಿಡಕ್ಕೆ. ಇದನ್ನ ತೆಗೆದು ನೋಡ್ತೀನಿ, ಕೆಳಗೆ ನಂಬಿಕೆ ಇದೆಯೋ, ಬರೀ ನರಕದ ಭಯ ಇದೆಯೋ ಅಂತ."

"ಟೀಚರ್ ಕಣ್ಣು?" ನಾನು ಕೇಳಿದೆ.

"ನೀನು ಹಾಕು. ನಿಂಗೆ ಪರಲೋಕ ಬೇಡ್ವಲ್ಲ. ನಿನ್ನಷ್ಟು ಶುದ್ಧವಾದ ಕೈ ಈ ಮನೇಲಿ ಯಾರದೂ ಇಲ್ಲ."

ಹೀಗೆ ಮನೆಯ ನಾಸ್ತಿಕಳ ಪಾಲಿಗೆ ಸತ್ಕಾರ್ಯ ಬಂತು. ಮೊದಲ ದಿನ ಹನಿಯೆಲ್ಲ ಟೀಚರ್ ಕೆನ್ನೆಯ ಮೇಲೆ.

"ಕೆನ್ನೆಗೆ ಗ್ಲಾಕೋಮಾ ಇಲ್ಲ ಕಣೇ," ಅಂದರು. "ಎಲ್ಲಿ ನಿಮ್ಮತ್ತೆ?"

ಅಮ್ಮ ಮಂಡಿನೋವು ಎಂದು ಹೇಳಿಕೊಟ್ಟು ಕಳಿಸಿದ್ದಳು. ನಾನು ನಿಜವನ್ನೇ ಹೇಳಿದೆ, ನರಕದ ಭಯದ ಮಾತನ್ನೂ ಸೇರಿಸಿ. ಸುಳ್ಳು ಹೇಳಿದ್ದರೆ ಟೀಚರ್ ಎರಡನೆಯ ಪ್ರಶ್ನೆಗೇ ಹಿಡಿಯುತ್ತಿದ್ದರು.

"ಓಹೋ, ನಮ್ಮ ಚಾತುರ್ಮಾಸ್ಯದ ಥರ. ನಮ್ಮಲ್ಲಿ ತರಕಾರಿ ಬಿಡ್ತಾರೆ, ಹಾಲು ಬಿಡ್ತಾರೆ. ನಿಮ್ಮತ್ತೆ ನನ್ನನ್ನೇ ಬಿಟ್ಟಳಲ್ಲ!"

ಜೋರಾಗಿ ನಕ್ಕರು. ಆಮೇಲೆ ಕೆನ್ನೆಯ ಹನಿ ಒರೆಸಿಕೊಂಡರು. ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಹಂಗಾದ್ರೆ ಇಷ್ಟು ವರ್ಷ ಅವಳು ಬರ್ತಿದ್ದಿದ್ದು ನನ್ನ ನೋಡಕ್ಕಲ್ವಾ?"

"ಯಾಕೆ ಬಂದ್ರೇನು ಟೀಚರ್? ಔಷಧಿ ಕಣ್ಣೊಳಗೆ ಹೋಯ್ತಲ್ಲ."

"ಔಷಧಿ ಹಾಕಕ್ಕೆ ನರ್ಸ್ ಸಿಗ್ತಾಳೆ ಕಣೇ."

ಉದ್ದೇಶ ಮುಖ್ಯವಲ್ಲ, ಫಲಿತಾಂಶ ಮುಖ್ಯ ಎಂಬ ವಾದದಿಂದ ನಾನು ಎಷ್ಟೋ ಬಹುಮಾನ ಗೆದ್ದಿದ್ದೇನೆ. ಆ ಕೋಣೆಯಲ್ಲಿ ಅದನ್ನು ಮುಂದುವರಿಸುವ ಧೈರ್ಯ ನನಗಾಗಲಿಲ್ಲ. ಜಡೆ ಹಾಕಲಾ ಎಂದು ಬಾಚಣಿಗೆ ತೆಗೆದುಕೊಂಡೆ. ಬೇಡ, ಇಟ್ಟುಬಿಡು ಅಂದರು. ಅಂದಿನಿಂದ ಕೂದಲನ್ನು ತಾವೇ ಹೇಗೋ ಸುತ್ತಿ ಗಂಟು ಹಾಕಿಕೊಳ್ಳುತ್ತಾರೆ.

ಅತ್ತೆಯ ಮನಸ್ಸೂ ಹಗುರವಾಗಿರಲಿಲ್ಲ. ನಾನು ಪಕ್ಕದ ಮನೆಯಿಂದ ಬಂದಾಗಲೆಲ್ಲ ಅಡುಗೆಮನೆಯ ಕಿಟಕಿ ಹತ್ತಿರವೇ ಇರುತ್ತಿದ್ದರು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದರು. ಒಂದು ಸಂಜೆ ನಾನೇ ಕೆಣಕಿದೆ:

"ರಕ್ಷಣೆಗೋಸ್ಕರ ಒಳ್ಳೆ ಕೆಲಸ ಬಿಟ್ರೆ, ಆ ಬಿಡೋದೂ ಒಂದು ಕೆಲಸಾನೇ ಅಲ್ವಾ ಅತ್ತೆ? ಮತ್ತೆ ಅಲ್ಲಿಗೇ ಬಂದ್ರಿ."

"ಅದು ನಂಗೂ ಹೊಳೀತು," ಅಂದರು. "ಹೊಳೆದ ಮೇಲೆ ನಿದ್ದೆ ಹೋಯ್ತು."

ಗೆದ್ದ ಖುಷಿ ಬರಲಿಲ್ಲ ನನಗೆ.

ಸುದ್ದಿ ಮುಟ್ಟಿ ಅಯ್ಯನವರು ಓಡಿ ಬಂದರು. ಅಮ್ಮ ಇಟ್ಟ ಟೀ ಆರಿಹೋಯಿತು.

"ಬಿಡಿ ಅಂತ ನಾನೆಲ್ಲಿ ಹೇಳಿದೆ ಅಮ್ಮಾ?"

"ನೀವು ಹೇಳ್ಲಿಲ್ಲ. ನಿಮ್ಮ ಮೇಲೆ ತಪ್ಪಿಲ್ಲ."

"ಭಯ ಇದ್ರೂ ದೇವರ ಹತ್ರಾನೇ ತಾನೇ ಬಂದಿದೀರಿ? ಅದೇ ನಂಬಿಕೆ ಅಮ್ಮಾ. ಪೂರ್ತಿ ಶುದ್ಧವಾದ ಮನಸ್ಸಿಂದ ಯಾರಿಗೆ ಏನು ಮಾಡಕ್ಕಾಗುತ್ತೆ? ನಾನು ಪ್ರಸಂಗ ಮಾಡೋದೂ ಹಂಗಲ್ಲ. ಹೋಗಿ ಟೀಚರನ್ನ ನೋಡಿ ಬನ್ನಿ."

ನಾನು ನಿರೀಕ್ಷಿಸಿದ್ದಕ್ಕಿಂತ ಒಳ್ಳೆಯ ಉತ್ತರ ಅದು. ಅತ್ತೆ ಮಾತ್ರ "ನೋಡ್ತೀನಿ" ಎಂದಷ್ಟೇ ಅಂದರು.

ಈಸ್ಟರ್ ಬಂತು. ಬೆಳಗಿನ ಜಾವದ ಆರಾಧನೆ ಮುಗಿಸಿ ಬಂದ ಅತ್ತೆ ಬಿಳಿ ಸೀರೆಯಲ್ಲೇ ಟೀಚರ್ ಮನೆಯ ಗೇಟಿನ ತನಕ ಹೋದರು. ಚಿಲಕ ತೆಗೆದರು. ಮತ್ತೆ ಹಾಕಿ ವಾಪಸ್ ಬಂದರು. ಲೆಂಟಿನಲ್ಲಿ ಬಿಟ್ಟದ್ದನ್ನೆಲ್ಲ ಎಲ್ಲರೂ ಅಂದು ಮತ್ತೆ ಹಿಡಿದರು, ಅತ್ತೆ ಒಬ್ಬರನ್ನು ಬಿಟ್ಟು. ಆಮೇಲೂ ಹೋಗಿಲ್ಲ. ಡ್ರಾಪ್ಸ್ ಈಗ ನಾನೇ ಹಾಕುತ್ತೇನೆ, ಹನಿ ಸರಿಯಾಗಿ ಬೀಳುತ್ತದೆ. ಟೀಚರ್ ಅತ್ತೆಯ ವಿಷಯ ಎತ್ತುವುದಿಲ್ಲ. ಹೊರಗೆ ಗೇಟು ಸದ್ದಾದರೆ ಮಾತು ನಿಲ್ಲಿಸಿ ಆ ಕಡೆ ಮುಖ ತಿರುಗಿಸುತ್ತಾರೆ.

ಮೊನ್ನೆ ಇದನ್ನು ಅತ್ತೆಗೆ ಹೇಳಿದೆ. ಹುರುಳಿಕಾಯಿ ಸೋಸುತ್ತಿದ್ದರು, ಕೈ ನಿಂತಿತು.

"ಉಪಕಾರ ತೆಗೆದು ಕೆಳಗೆ ನೋಡ್ದೆ ಕಣೇ," ಅಂದರು. "ನಂಬಿಕೆ ಇದೆ ಅಂತ ಹೇಳಕ್ಕೆ ಧೈರ್ಯ ಇಲ್ಲ. ಇಲ್ಲ ಅಂತ ಹೇಳಕ್ಕೂ ಇಲ್ಲ. ಈಗ ಹೋದ್ರೆ ಯಾಕೆ ಹೋದೆ ಅಂತ ನಂಗೇ ಗೊತ್ತಿರಲ್ಲ. ಅದು ಗೊತ್ತಾಗದೆ ಅವರ ಮುಖ ಹೆಂಗೆ ನೋಡ್ಲಿ?"

ಇದಕ್ಕೆ ಪರವಾಗಿಯೂ ವಿರುದ್ಧವಾಗಿಯೂ ನನ್ನ ಹತ್ತಿರ ಮಾತುಗಳಿದ್ದವು. ಅವನ್ನೆಲ್ಲ ಬಿಟ್ಟು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

"ಅತ್ತೆ, ದೇವರನ್ನ ಒಂದ್ನಿಮಿಷ ಪಕ್ಕಕ್ಕಿಡಿ. ರಕ್ಷಣೇನೂ ಬೇಡ, ನರಕಾನೂ ಬೇಡ. ಟೀಚರ್ ಅಂದ್ರೆ ನಿಮಗೆ ಇಷ್ಟ ಇತ್ತಾ?"