ಮೂರೂ ಇಪ್ಪತ್ತರ ನಮೂದು

ಇಬ್ಬರನ್ನಾದರೂ ವಿಚಾರಿಸದೆ ಒಂದು ಸಾಲೂ ಬರೆಯಬಾರದು ಎಂಬ ಶಿಸ್ತಿನಲ್ಲಿ ಪತ್ರಿಕೆಯಲ್ಲಿ ದುಡಿದವನು ನಾನು. ದೆವ್ವ, ಶಕುನಗಳ ಸುದ್ದಿ ಮೇಜಿಗೆ ಬಂದರೆ ಓದದೆ ಬುಟ್ಟಿಗೆ ಹಾಕುತ್ತಿದ್ದೆ. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಅಮ್ಮ ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿದ್ದಳು. ಮೆದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು ತೆರೆಯದೆ ಮಲಗಿದ್ದಳು. ವಾರ್ಡಿಗೆ ಕಲಿಯಲು ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿ ಕಾವ್ಯ ಅವಳನ್ನು ನೋಡಿಕೊಳ್ಳುತ್ತಿದ್ದಳು. ಮುಟ್ಟುವ ಮೊದಲು ಪ್ರತಿ ಸಲವೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಅಜ್ಜಿ, ನಾನು ಕಾವ್ಯ. ಈಗ ಮಗ್ಗುಲು ತಿರುಗಿಸ್ತೀನಿ" ಎನ್ನುತ್ತಿದ್ದಳು.

"ಅವ್ರಿಗೆಲ್ಲಿ ಕೇಳ್ಸುತ್ತಮ್ಮ?" ಎಂದೆ ಒಮ್ಮೆ.

"ಕೇಳ್ಸುತ್ತೆ ಅಂದ್ಕೊಂಡೇ ಮಾಡ್ಬೇಕು ಅಂತ ನಮ್ ಮೇಡಂ ಹೇಳಿದಾರೆ ಸಾರ್. ನೀವೂ ಮಾತಾಡ್ಸಿ. ಪೇಪರಲ್ಲಿ ಊರಿಗೆಲ್ಲಾ ಹೇಳ್ತೀರ, ಅಜ್ಜಿಗೆ ಒಂದ್ ಮಾತ್ ಹೇಳಕ್ಕಾಗಲ್ವಾ?"

ಆಗಲಿಲ್ಲ. ಉತ್ತರ ಬಾರದ ಕಡೆ ಮಾತಾಡಲು ನಾಚಿಕೆ. ಎಂಟು ದಿನ ಸುಮ್ಮನೆ ಕುಳಿತು ಎದ್ದು ಬಂದೆ.

ಒಂಬತ್ತನೆಯ ದಿನ ಮಧ್ಯಾಹ್ನ, ಬೇಗ ಬನ್ನಿ ಎಂದು ಕರೆ ಬಂತು. ಆಟೊ ಬನಶಂಕರಿ ಬಸ್ ನಿಲ್ದಾಣದ ಬಳಿ ಸಿಕ್ಕಿಕೊಂಡಿತು. ಗಡಿಯಾರ ನೋಡಿದೆ, ಮೂರೂ ಇಪ್ಪತ್ತು. ತಲುಪಿದ ಕೂಡಲೇ ಹೇಳಬೇಕಾದ್ದನ್ನು ಅಲ್ಲೇ ಮೆಲ್ಲಗೆ ಹೇಳಿಕೊಂಡೆ: "ಅಮ್ಮ, ನಾನು. ಕೈ ಹಿಡ್ಕೋತೀನಿ. ತಣ್ಣಗಿದೆ, ಬೈಬೇಡ." ಚಿಕ್ಕಂದಿನಲ್ಲಿ ನೀರಾಡಿ ಬಂದು ಮುಟ್ಟಿದರೆ ಬೈಯುತ್ತಿದ್ದಳು.

"ಏನ್ ಸಾರ್?" ಎಂದು ಡ್ರೈವರ್ ತಿರುಗಿದ.

"ನಿಮಗಲ್ಲಪ್ಪ."

ತಲುಪಿದಾಗ ನಾಲ್ಕು ಗಂಟೆ. ಅಮ್ಮ ಹೋಗಿ ಅರ್ಧ ಗಂಟೆಯಾಗಿತ್ತು. ಕಾವ್ಯ ಒದ್ದೆ ಬಟ್ಟೆಯಿಂದ ಅವಳ ಮುಖ ಶುಚಿ ಮಾಡುತ್ತಿದ್ದಳು. ಆಗಲೂ, "ಅಜ್ಜಿ, ಹಣೆ ಒರೆಸ್ತೀನಿ" ಎಂದು ಹೇಳಿಯೇ ಒರೆಸಿದಳು. ನನ್ನನ್ನು ಕಂಡು, "ಕೊನೇಲಿ ನೀವು ಮಾತಾಡ್ಸಿದ್ದು ಒಳ್ಳೇದಾಯ್ತು ಸಾರ್" ಎಂದಳು.

ಈಗಷ್ಟೇ ಬಂದೆ ಎಂದೆ. ಅವಳು ಗಲಿಬಿಲಿಗೊಂಡು ತನ್ನ ಅಭ್ಯಾಸದ ಪುಸ್ತಕ ತೆರೆದಳು. ಹಾಸಿಗೆಯ ಬಳಿ ಕೇಳಿದ್ದನ್ನು ವೇಳೆ ಸಮೇತ, ಆಡಿದ ಮಾತಿನಲ್ಲೇ ಬರೆದಿಡಬೇಕೆಂಬುದು ಆ ವಿದ್ಯಾರ್ಥಿಗಳ ನಿಯಮ. ಅಲ್ಲಿತ್ತು: '3.20. ಮಗ ಬಂದರು. ಕೈ ಹಿಡ್ಕೋತೀನಿ, ತಣ್ಣಗಿದೆ, ಬೈಬೇಡ ಅಂದರು. ಅಜ್ಜಿಯ ಉಸಿರು ನಿಧಾನವಾಯಿತು.'

ಅಭ್ಯಾಸಬಲ, ವಿಚಾರಿಸಿದೆ. ಅಕ್ಕಪಕ್ಕದ ಹಾಸಿಗೆಯವರನ್ನು ಕೇಳಿದೆ, ಬಾಗಿಲಲ್ಲಿದ್ದ ಸಂದರ್ಶಕರ ಪಟ್ಟಿ ನೋಡಿದೆ. ಆ ಹೊತ್ತಿನಲ್ಲಿ ಯಾವ ಗಂಡಸೂ ಒಳಗೆ ಬಂದಿರಲಿಲ್ಲ. ನನ್ನ ಸಮಾಧಾನಕ್ಕೆ ಬರೆದಳೇ? ಆ ಮಾತು ಅವಳಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

"ತಪ್ಪಾಗಿದ್ರೆ ಹೊಡೆದುಹಾಕ್ಲಾ ಸಾರ್? ಮೇಡಂ ಸೈನ್ ಮಾಡ್ಬೇಕು" ಎಂದಳು, ಪೆನ್ನು ಹಿಡಿದು.

ಒಂದಕ್ಷರ ತಪ್ಪು ಅಚ್ಚಾದರೂ ಮರುದಿನವೇ ತಿದ್ದುಪಡಿ ಹಾಕಿಸುತ್ತಿದ್ದವನು ನಾನು.

"ಇರ್ಲಿ ಬಿಡಮ್ಮ" ಎಂದೆ.

ಆಮೇಲೆ ಅಂಗೈ ಉಜ್ಜಿಕೊಂಡು ಅಮ್ಮನ ಕೈ ಹಿಡಿದೆ. ಆಟೊದಲ್ಲಿ ಅಷ್ಟು ಸುಲಭವಾಗಿ ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಅದನ್ನು ಅವಳಿಗೆ ಹೇಳಿದ್ದೇನೆಯೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.