ಶಹಾಬಾದ ಕಲ್ಲಿನ ಮೇಲೆ ಊರಿದ ಅಂಗೈ

ಬೆಳಿಗ್ಗೆ ಷಟಲ್ ಆಡಿ ಬಂದು ರ‍್ಯಾಕೆಟ್ಟಿನ ಹಿಡಿಕೆಗೆ ಸುತ್ತಿದ ಪಟ್ಟಿ ಬಿಚ್ಚಿದೆ. ಹಳೆಯ ಬೆವರಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕುಸುಬಿ ಎಣ್ಣೆ, ಕುಸ್ತಿ ತಾಲೀಮಿನ ಕೆಂಪು ಮಣ್ಣು, ಅಪ್ಪನ ಕಟ್ಟಿಗೆಯ ಗದೆ, ಚಿತ್ತಾಪುರದ ಈಗಿಲ್ಲದ ನಮ್ಮ ಮನೆ, ಎಲ್ಲ ಬಂದು ನಿಂತವು. ಅಪ್ಪ ಕಚೇರಿಯಲ್ಲಿ ಜವಾನ. ಅಲ್ಲಿ ಬಗ್ಗುತ್ತಿದ್ದ ತಲೆ ತಾಲೀಮಿನಲ್ಲಿ ನೆಟ್ಟಗಾಗುತ್ತಿತ್ತು. ಹೊಟ್ಟೆಪಾಡಿಗಲ್ಲ, ಬರೀ ಖುಷಿಗೆ, ದಿನಾಲೂ ಗದೆ ತಿರುವುತ್ತಿದ್ದ. ಮನೆಗೆ ಬಂದವನೇ ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಉರಿಯುವ ಅಂಗೈಗಳನ್ನು ಅಗಲಿಸಿ ಊರುತ್ತಿದ್ದ. ಪಕ್ಕದಲ್ಲಿ ನನ್ನ ಪುಟ್ಟ ಕೈ. ಕಲ್ಲಿನ ತಂಪು ಮೊಣಕೈವರೆಗೆ ಏರುತ್ತಿತ್ತು.

ಒಂದು ದಿನ ಅಪ್ಪನ ಬಲ ಅಂಗೈ ಕಲ್ಲಿಗೆ ಪೂರ್ತಿ ಕೂಡಲಿಲ್ಲ. ಉಂಗುರ ಬೆರಳು ಕಮಾನಿನಂತೆ ಬಾಗಿತ್ತು. ಅದರ ಕೆಳಗಿಂದ ಇರುವೆಯೊಂದು ಆರಾಮಾಗಿ ದಾಟಿಹೋಯಿತು. ಅಂಗೈ ತಿರುಗಿಸಿದರೆ ಚರ್ಮದಡಿ ಗಂಟು, ಗಂಟಿನಿಂದ ಬೆರಳಿಗೆ ಹುರಿಯಂಥ ಗಟ್ಟಿ ಎಳೆ. "ಗದಾ ಕೆಳಗ ಇಟ್ಟೀನಿ, ಈ ಬೆರಳಿಗಿ ಇನ್ನಾ ಗೊತ್ತೇ ಆಗಿಲ್ಲ ನೋಡವ್ವ," ಎಂದು ಅಪ್ಪ ನಕ್ಕ. ಆಯಿ ನಗಲಿಲ್ಲ. ಅಪ್ಪನ ತಾಯಿ ಆಕೆ. ಬೆರಳು ಮುದುಡಿತೆಂದರೆ ಆಕೆಗೆ ಗೊತ್ತಿದ್ದದ್ದು ಒಂದೇ, ಕುಷ್ಠ. ಮರುದಿನ ಅಪ್ಪನ ತಾಟು, ತಂಬಿಗೆ ಬಾಗಿಲ ಹತ್ತಿರ ಬೇರೆಯಾದವು. "ಕೂಸು ಅದ ಮನ್ಯಾಗ. ನೀ ಹೊರಗ ಮಲ್ಕೋ ನನ್ನಪ್ಪಾ," ಎನ್ನುವಾಗ ಆಕೆಯ ದನಿಯೇ ನಡುಗುತ್ತಿತ್ತು.

ನನಗೆ ಊಟ ಸೇರಲಿಲ್ಲ. ಅಪ್ಪನನ್ನು ಎಲ್ಲಿಗೋ ಒಯ್ದು ಬಿಟ್ಟುಬರುತ್ತಾರೆಂದು ಹೆದರಿ ಅವನ ಅಂಗಿಯ ತುದಿ ಹಿಡಿದೇ ತಿರುಗಿದೆ. ಕಲಬುರಗಿಯ ದವಾಖಾನೆಗೂ ಹಾಗೆಯೇ ಹೋದೆ. ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ಚುಚ್ಚಿದರು. ಕುಷ್ಠವಿದ್ದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಆಯಿ ಹೇಳಿದ್ದಳು.

"ಯವ್ವಾ! ಮೆತ್ತಗ ಚುಚ್ಚರಿ ಸಾಹೇಬ್ರ!"

ಆ ಚೀರಾಟದಷ್ಟು ಇಂಪಾದ ದನಿಯನ್ನು ನಾನು ಮತ್ತೆಂದೂ ಕೇಳಿಲ್ಲ. "ಕುಷ್ಠ ಅಲ್ಲ. ಯಾರಿಗೂ ಅಂಟಂಗಿಲ್ಲ," ಅಂದರು ಡಾಕ್ಟರು. "ಅಂಗೈಯೊಳಗಿನ ಪೊರೆ ದಪ್ಪಾಗ್ಯದ. ಗದಾ ಹಿಡದು ಹಿಡದು ಹಿಂಗಾಗಿರಬಹುದು, ಕೆಲವ್ರಿಗಿ ಮನೆತನದಾಗೇ ಬರ್ತದ." ಆ ಸಂಜೆ ಆಯಿ ತನ್ನ ತಾಟಿನಲ್ಲೇ ಅಪ್ಪನಿಗೆ ರೊಟ್ಟಿ ಹಾಕಿ, ಜೊತೆಗೆ ಕೂತು ಉಂಡಳು. ಬೆರಳು ಮಾತ್ರ ಬಾಗುತ್ತಲೇ ಹೋಯಿತು. ಕಡೆಕಡೆಗೆ ನನ್ನ ಕೆನ್ನೆ ಸವರಬೇಕೆಂದರೂ ಅಪ್ಪನ ಅಂಗೈ ಬಿಚ್ಚುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆ ಬಾಗಿದ ಬೆರಳಿನಲ್ಲೇ ನನ್ನ ಕೈ ಹಿಡಿದುಕೊಂಡು ಅಪ್ಪ ಓಣಿಯೆಲ್ಲ ಸುತ್ತಿ ಹೇಳಿಬಂದ. ಈಗ ಅಪ್ಪನಿಲ್ಲ, ಆಯಿಯಿಲ್ಲ. ರಸ್ತೆ ಅಗಲ ಮಾಡುವಾಗ ಮನೆಯೂ ಹೋಯಿತು. ಪಡಸಾಲೆಯ ಕಲ್ಲೊಂದನ್ನು ಈಗ ನಾನಿರುವ ಸೇಡಂಗೆ ತಂದು ನನ್ನ ಅಡುಗೆಮನೆಯಲ್ಲಿ ಹಾಕಿಸಿದ್ದೇನೆ.

ಅಪ್ಪನಿಗಿದ್ದದ್ದು ಅಂಟುವ ರೋಗವಲ್ಲ, ಜೀವ ತೆಗೆಯುವುದಲ್ಲ ಎಂದು ಓದಿ ತಿಳಿದವಳು ನಾನು. ಆದರೂ ಈಚೆಗೆ ನನ್ನ ಬಲ ಅಂಗೈಯಲ್ಲಿ ಕಡಲೆ ಕಾಳಿನಷ್ಟು ಗಂಟೊಂದು ಸಿಕ್ಕಾಗಿನಿಂದ ಆ ಕಲ್ಲಿನ ಹತ್ತಿರ ಕೂರುವ ಧೈರ್ಯವಾಗಿರಲಿಲ್ಲ. ಇವತ್ತು ಕೂತೆ. ಅಂಗೈ ಅಗಲಿಸಿ ಊರಿದೆ. ಅದೇ ತಂಪು. ಹೆಬ್ಬೆರಳಿಗೆ ತಾಗಿತು, ತೋರುಬೆರಳಿಗೆ, ನಡುಬೆರಳಿಗೆ, ಕಿರುಬೆರಳಿಗೆ ತಾಗಿತು. ಉಂಗುರ ಬೆರಳೊಂದು ಆ ತಂಪಿಗೆ ಕಾಯುತ್ತಲೇ ಇತ್ತು.