ಹೆಸರಿಗಾಗಿ ಹಾಕಿದ ಕೂಗು

ಹತ್ತರಗಿಯಲ್ಲಿ ನಾನು ಕೂಗಿದರೆ ದೂರದ ಮಮದಾಪುರದ ಕುರಿಗಳೂ ಕಿವಿ ನಿಮಿರಿಸುತ್ತಾವ, ಖರೇನ. ನನ್ನ ಕುರಿಗಳಂತೂ ಓಡಿಬಂದು ಮೈಗೆ ಮೈ ತಿಕ್ಕುತ್ತಾವ. ಅಷ್ಟಕ್ಕೇ ನನ್ನ ಹೊಟ್ಟೆ ತುಂಬುತ್ತಿತ್ತು.

ಅವತ್ತು ಕಾರಿನಿಂದ ಇಳಿದವನೊಬ್ಬ ಮೊಬೈಲ್ ಹಿಡಿದು, "ಕಾಕಾ, ಕುರಿ ಕರಿಯೂ ಕೂಗು ಹಾಕ್ರಿ. ಊರೂರಿಗೆ ಹೆಸರಾಗ್ತೀರಿ" ಅಂದ. ಎದೆ ಉಬ್ಬಿಸಿ ಕೂಗಿದೆ. ಹೆದ್ದಾರಿಯ ಆಚೆ ಹೆಂಡತಿ ಮೇಯಿಸುತ್ತಿದ್ದ ನಮ್ಮ ಕುರಿಗಳೆಲ್ಲ ರಸ್ತೆಗೆ ನುಗ್ಗಿದವು. ಎದುರಿಗೆ ಲಾರಿ! ಬ್ರೇಕ್ ಕಿರುಚಿ, ಮುಂದಿನ ಟಗರಿನಿಂದ ಗೇಣು ದೂರದಲ್ಲಿ ಲಾರಿ ನಿಂತಿತು.

"ವಿಡಿಯೋ ಭಾರಿ ಬಂತು ಕಾಕಾ, ಇನ್ನೊಮ್ಮೆ ಕೂಗ್ರಿ!" ಅಂದ ಆತ. ನಾನು ಓಡಿಹೋಗಿ ಕುರಿಗಳನ್ನು ರಸ್ತೆಯಿಂದ ಈಚೆ ಹೊಡೆದುಕೊಂಡು ಬಂದೆ.

ಹೆಂಡತಿ ರಸ್ತೆ ದಾಟಿ ಬಂದು ಕೇಳಿದಳು: "ಕುರಿ ಕರದ್ರೋ, ಮಂದಿ ಕರದ್ರೋ?"

ಒಂದೇ ಕೋಲಿನಿಂದ ಏಳು ತೋಳ ಓಡಿಸಿದವ ನಾನು. ಆಕೆಯ ಮುಂದೆ ಮಾತ್ರ ತಲೆ ತಗ್ಗಿಸಿ ಕುರಿ ಎಣಿಸತೊಡಗಿದೆ.